ನಾನು ಬರೆದುಕೊಡದ ಒಂದು ಕಾಗದ

ವೇಟಿಂಗ್ ಲಿಸ್ಟಿನಲ್ಲಿರೋ ಮಕ್ಕಳು ಮೆಡಿಕಲ್ ಕಾಲೇಜಿಗೆ ಕಾಗದ ಬರೆದರೆ ಏನಾದರೂ ಉಪಯೋಗ ಆಗುತ್ತಾ? "ಸೀಟು ಕೊಟ್ಟರೆ ಖಂಡಿತ ಬರ್ತೀನಿ, ನಿಮ್ಮ ಕಾಲೇಜು ಬಿಟ್ಟು ಬೇರೆಲ್ಲೂ ಹೋಗಲ್ಲ" ಅಂತ ಬರೆಯೋ ಕಾಗದ. ಈ ಪ್ರಶ್ನೆಯನ್ನು ಒಂದು ವರ್ಷದಿಂದ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೀನಿ. ಆಫೀಸಿನಲ್ಲಿ ಪಕ್ಕದ ಸೀಟಿನವಳನ್ನು, ನಮ್ಮ ಫ್ಯಾಮಿಲಿ ಡಾಕ್ಟರನ್ನು, ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬಟ್ಟಿನ ತಟ್ಟೆ ಹಿಡ್ಕೊಂಡು ನಿಂತಿದ್ದ ಯಾರೋ ಡಾಕ್ಟರನ್ನು. ಪಾಪ, ಎಲ್ಲರೂ ನನ್ನ ಮಗುವಿಗೆ ಸೀಟು ಬೇಕಾಗಿದೆ ಅಂದುಕೊಂಡು, "ಬರೆದು ನೋಡಿ, ಆದರೂ ಆಗಬಹುದು" ಅಂತ ಸಮಾಧಾನ ಮಾಡ್ತಾರೆ. ನನಗಿರೋಳು ಒಬ್ಬಳೇ ಮಗಳು. ಅವಳಿಗೆ ಸೀಟು ಸಿಕ್ಕಾಗಿದೆ. ನನಗೆ ಬೇಕಾಗಿರೋದು "ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ, ಓದದೇ ಬಿಸಾಕ್ತಾರೆ" ಅನ್ನೋ ಉತ್ತರ. ಆ ಮಾತನ್ನು ಒಬ್ಬರಾದರೂ ಹೇಳಬಾರದಾ!

ನಾವಿರೋದು ಡಬ್ಲಿನ್ ಊರಂಚಿನ ಲೂಕನ್‌ನಲ್ಲಿ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅಕ್ಕ ಇದ್ದಾರೆ. ಒಡಹುಟ್ಟಿದವರಲ್ಲ. ಮಂಡ್ಯದ ಕಡೆಯವರು, ನಾನು ಮೈಸೂರಿನವಳು, ಪರಿಚಯ ಆಗಿದ್ದು ಬಸ್ ಸ್ಟಾಪಿನಲ್ಲಿ. ಅವರ ಯಜಮಾನರು ಷೆಫ್ ಕೆಲಸದ ಪರ್ಮಿಟ್ ಮೇಲೆ ಬಂದವರು. ಅಕ್ಕ ಪಕ್ಕದ ಕ್ಲಾಂಡಾಲ್ಕಿನ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳೋ ಒಂದು ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ಬೆಳಗಿನ ಶಿಫ್ಟು ಮಾಡ್ತಾರೆ. ಮಧ್ಯಾಹ್ನ ಮೂರಕ್ಕೆಲ್ಲ ಮನೆಯಲ್ಲಿರ್ತಿದ್ದರು. ನನಗೂ ನಮ್ಮನೆಯವರಿಗೂ ಆಫೀಸು ಬಿಡೋದು ಆರಕ್ಕೆ. ಹಾಗಾಗಿ ನನ್ನ ಮಗಳು ಏಳನೇ ವಯಸ್ಸಿನಿಂದ ಸ್ಕೂಲು ಮುಗಿಸಿ ಸೀದಾ ಹೋಗ್ತಿದ್ದದ್ದು ಅಕ್ಕನ ಮನೆಗೆ. ಅಕ್ಕನಿಗೂ ಅವಳದೇ ವಯಸ್ಸಿನ ಮಗಳು, ಒಂದೇ ಕ್ಲಾಸು. ನಾನು ಕನ್ನಡದಲ್ಲಿ ಏನು ಕೇಳಿದರೂ ಡಬ್ಲಿನ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡೋ ನನ್ನ ಮಗಳು ಅಲ್ಲಿ ಹೋಗಿ "ದೊಡ್ಡಮ್ಮ, ಉಪ್ಸಾರು ಐತಾ?" ಅಂತ ಕೇಳ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಕನ ಮನೆಯ ಕಾಗದ ಪತ್ರ ಎಲ್ಲ ನಂದು. ಪರ್ಮಿಟ್ ರಿನ್ಯೂವಲ್ಲು, ಬಾಯ್ಲರ್ ಕೆಟ್ಟಿದೆ ಅಂತ ಲ್ಯಾಂಡ್‌ಲಾರ್ಡಿಗೆ ಇಮೇಲು, ಸ್ಕೂಲಿಗೆ ರಜಾ ಚೀಟಿ, ಏನೇ ಇದ್ದರೂ ಅಕ್ಕ ಫೋನು ಹಿಡ್ಕೊಂಡು ಬಂದುಬಿಡೋರು. "ನೀ ಬರುದ್ರೆ ಅವ್ರು ಬಾಯ್ ಮುಚ್ಕೊಂಡು ಮಾಡ್ಕೊಡ್ತಾರೆ ಕಣವ್ವ" ಅನ್ನೋರು. ಅಕ್ಕನಿಗಷ್ಟೇ ಅಲ್ಲ, ನಮ್ಮ ಕಡೆಯ ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದೀನಿ. ಹೊಸದಾಗಿ ಮಾಸ್ಟರ್ಸ್‌ಗೆ ಬಂದ ಹುಡುಗರಿಗೆ ರೂಮಿಗೋಸ್ಕರ ಬರೆದುಕೊಟ್ಟಿದ್ದೀನಿ. ಮುಖ ನೋಡದವರಿಗೂ ಇಲ್ಲ ಅಂದವಳಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಡಾಕ್ಟರಾಗಬೇಕು ಅನ್ನೋ ಹುಚ್ಚು ಮೊದಲು ಹತ್ತಿದ್ದು ಅಕ್ಕನ ಮಗಳಿಗೆ. ಶನಿವಾರ ಅಮ್ಮನ ಜೊತೆ ನರ್ಸಿಂಗ್ ಹೋಮಿಗೆ ಹೋಗಿ ಅಲ್ಲಿನ ಮುದುಕರ ಜೊತೆ ಕೂತಿರ್ತಿದ್ದಳು. ಕೈ ನಡುಗೋ ಒಬ್ಬ ತಾತನಿಗೆ ಚಮಚದಲ್ಲಿ ಓಟ್ಸ್ ಗಂಜಿ ತಿನ್ನಿಸೋಕೆ ಅವಳೇ ಬೇಕಿತ್ತಂತೆ. ನನ್ನ ಮಗಳು ಅವಳನ್ನು ನೋಡಿ ತಾನೂ ಅಂದಳು. ಇಬ್ಬರೂ ಅಕ್ಕನ ಅಡುಗೆಮನೆ ಟೇಬಲ್ಲಿನಲ್ಲೇ ಓದಿದರು. ಎರಡೂ ಮನೆಯವರ ಪೌರತ್ವದ ಅರ್ಜಿ ಇನ್ನೂ ಕಚೇರಿಯಲ್ಲೇ ಕೂತಿದ್ದರಿಂದ, ಇಲ್ಲೇ ಬೆಳೆದ ಮಕ್ಕಳಾದರೂ ಹೊರದೇಶದವರ ಸಾಲಿನಲ್ಲಿ ನೇರವಾಗಿ ಕಾಲೇಜಿಗೆ ಅರ್ಜಿ ಹಾಕಬೇಕಾಯ್ತು, ಇಬ್ಬರೂ ಹಾಕಿದ್ದು ಒಂದೇ ಕಾಲೇಜಿಗೆ. ಆ ಸಾಲಿನಲ್ಲಿ ಸೀಟು ಕಡಿಮೆ. ಇಂಟರ್‌ವ್ಯೂ ಆಯ್ತು. ಜೂನ್ ತಿಂಗಳಲ್ಲಿ ಒಂದೇ ದಿನ, ಹತ್ತು ನಿಮಿಷದ ಅಂತರದಲ್ಲಿ, ಇಬ್ಬರಿಗೂ ಒಂದೇ ಇಮೇಲ್ ಬಂತು. ವೇಟಿಂಗ್ ಲಿಸ್ಟ್. ನಂಬರು ಹೇಳಿರಲಿಲ್ಲ.

ನಾನು ಸುಮ್ಮನೆ ಕೂರೋ ಹೆಂಗಸಲ್ಲ. ಊಟದ ಬ್ರೇಕಿನಲ್ಲೆಲ್ಲ ಇಂಟರ್ನೆಟ್ ಕೆದಕಿದೆ. ಅಲ್ಲಿ ಯಾರೋ ಈ ಕಾಗದದ ವಿಷಯ ಬರೆದಿದ್ದರು. ಕೆಲವರು ಅದರಿಂದಲೇ ಸೀಟು ಸಿಕ್ಕಿತು ಅಂದಿದ್ದರು, ಕೆಲವರು ಎಲ್ಲ ಬರೀ ಬುರುಡೆ ಅಂದಿದ್ದರು. ಕಳೆದುಕೊಳ್ಳೋದೇನು ಅಂತ ಮಗಳನ್ನು ಕೂರಿಸಿಕೊಂಡು ಬರೆದೆ. ಚೆನ್ನಾಗಿಯೇ ಬಂತು. ಕಳಿಸೋ ಮುಂಚೆ ಅವಳು ಅಕ್ಕನ ಮಗಳ ವಿಷಯ ಎತ್ತಿದಳು, "ಅವಳಿಗೂ ಹೇಳಲಾ?" ನಾನು, "ನೀನು ಬೇಡ, ನಾನೇ ದೊಡ್ಡಮ್ಮಂಗೆ ಹೇಳ್ತೀನಿ, ಒಟ್ಟಿಗೆ ಕೂತು ಬರೆಯೋಣ" ಅಂದೆ. ಆ ಗಳಿಗೆಯಲ್ಲಿ ಹೇಳಬೇಕು ಅಂತಲೇ ಇತ್ತು. ದೇವರಾಣೆ ಇತ್ತು.

ನಮ್ಮ ಕಾಗದ ಕಳಿಸಿ ಮೂರು ದಿನ ಆಯ್ತು, ಅಕ್ಕನಿಗೆ ಹೇಳಲಿಲ್ಲ. ನಾಲ್ಕನೇ ದಿನ ಭಾನುವಾರ ಅಕ್ಕನೇ ಬಂದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದೆ. ಅವರೂ ಒಂದು ಕಡೆಯಿಂದ ಕ್ಲಿಪ್ಪು ಹಾಕ್ತಾ, "ನಮ್ ನರ್ಸಿಂಗ್ ಹೋಮ್ ಸಿಸ್ಟರ್ ಒಬ್ರು ಹೇಳುದ್ರು ಕಣೆ, ವೇಟಿಂಗ್ ಲಿಸ್ಟ್‌ನಲ್ಲಿರೋರು ಕಾಲೇಜಿಗೆ ಅದೆಂತದೋ ಕಾಗ್ದ ಬರೀಬೋದಂತೆ. ಬರ್ಕೊಡ್ತೀಯಾ?" ಅಂದರು.

"ಬೇಡ ಅಕ್ಕ" ಅಂದೆ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಇಲ್ಲಿನವರಿಗೆ ಹಿಂದೆ ಬಿದ್ದರೆ ಆಗಲ್ಲ. ಸುಮ್ನೆ ಕಿರಿಕಿರಿ ಮಾಡ್ತಾರೆ ಅಂತ ಹೆಸರು ಕೆಡುತ್ತೆ. ಅವರ ಪಾಡಿಗೆ ಅವರು ಲಿಸ್ಟ್ ನೋಡಿ ಕರೀತಾರೆ."

"ಹಂಗಂತೀಯಾ? ಆಯ್ತು ಬುಡು. ನಿನಗ್ ಗೊತ್ತಿರೋದು ನಮಗೆಲ್ ಗೊತ್ತಾಯ್ತದೆ" ಅಂದು ಇನ್ನೊಂದು ಟವೆಲ್ ಎತ್ತಿಕೊಂಡರು. ಎಂಥಾ ಪಾಪಿ ಬಾಯಿ ಇದು! ಹಿಂದಿನಿಂದ ಯಾರೂ ತಳ್ಳಿರಲಿಲ್ಲ, ಗಂಟಲು ಹಿಡಿದಿರಲಿಲ್ಲ. ಒಂದು ಸೀಟು ಖಾಲಿಯಾದರೆ, ಅದಕ್ಕೆ ಇವರಿಬ್ಬರಲ್ಲಿ ಒಬ್ಬರನ್ನು ಕರೆಯೋ ಹಾಗಿದ್ದರೆ ಅನ್ನೋ ಲೆಕ್ಕ ತಲೆಯಲ್ಲಿ ಯಾವಾಗ ಶುರುವಾಗಿತ್ತೋ ನನಗೇ ಗೊತ್ತಿಲ್ಲ.

ಆಗಸ್ಟ್ ಕೊನೇ ವಾರ ನನ್ನ ಮಗಳಿಗೆ ಫೋನ್ ಬಂತು. ಸೂಪರ್ ಮಾರ್ಕೆಟ್ಟಿನಲ್ಲಿ ಬೇಸಿಗೆ ಕೆಲಸಕ್ಕೆ ಹೋಗಿದ್ದವಳು ಅಲ್ಲಿಂದಲೇ ಅತ್ತುಕೊಂಡು ನನಗೆ ಫೋನ್ ಮಾಡಿದಳು. ನಾನೂ ಆಫೀಸಿನ ಕಾರಿಡಾರಿನಲ್ಲಿ ನಿಂತು ಅತ್ತೆ. ಸಂಜೆ ಅಕ್ಕ ಡಬ್ಬಿ ತುಂಬ ಕೇಸರಿಬಾತ್ ತಂದರು. ತಮ್ಮ ಮಗಳಿಗೆ ಇನ್ನೂ ಫೋನ್ ಬಂದಿಲ್ಲ ಅನ್ನೋ ಸಂಕಟವನ್ನು ಮುಖದ ಮೇಲೆ ಒಂದು ಚೂರೂ ತೋರಿಸದೆ ನನ್ನ ಮಗಳ ಕೆನ್ನೆ ಹಿಡಿದು ಮುತ್ತು ಕೊಟ್ಟರು. "ನಿಮ್ಮಮ್ಮ ಬುದ್ವಂತೆ ಕಣ್ ಮಗಾ. ಕಾಗ್ದ ಗೀಗ್ದ ಬರ್ದು ಅವ್ರನ್ನ ಕೆಣಕ್‌ಬ್ಯಾಡಿ ಅಂತ ನಮಗೂ ಹೇಳಿದ್ಲು. ನೋಡು, ಸುಮ್ಕಿದ್ದುದ್ದಕ್ಕೆ ಒಳ್ಳೇದಾಯ್ತು" ಅಂದರು.

ಮಗಳು ನನ್ನ ಕಡೆ ತಿರುಗಿದಳು. ನಾನು ಚಮಚ ಹುಡುಕೋ ನೆಪದಲ್ಲಿ ಡ್ರಾಯರ್ ಎಳೆದೆ.

ಅಕ್ಕ ಹೋದ ಮೇಲೆ ಜಗಳ ಆಡ್ತಾಳೆ ಅಂದುಕೊಂಡೆ. ಆಡಿದ್ದರೆ ಚೆನ್ನಾಗಿತ್ತು. "ಹೇಳ್ತೀನಿ ಅಂದಿದ್ದೆಯಲ್ಲ ಮಾಮ್" ಅಂತ ಇಂಗ್ಲಿಷಿನಲ್ಲಿ ಅಷ್ಟೇ ಅಂದು ಮೇಲೆ ಹೋದಳು. ಕೇಸರಿಬಾತ್ ಮುಟ್ಟಲಿಲ್ಲ. ಅದಾದ ಮೇಲೆ ಕಾಲೇಜಿನಿಂದ ಅವಳು ಮನೆಗೆ ಬರೋದೇ ಅಪರೂಪ. ಹೇಗಿದ್ದೀಯ ಅಂದರೆ ಗ್ರ್ಯಾಂಡ್, ಊಟ ಹೇಗಿದೆ ಅಂದರೆ ಗ್ರ್ಯಾಂಡ್, ಇಲ್ಲಿನವರು ಪರವಾಗಿಲ್ಲ ಅನ್ನೋಕೆ ಆಡೋ ಮಾತು. ಹಾಳು ಗ್ರ್ಯಾಂಡು! ಒಂದು ಮನೆಯಲ್ಲಿ ತಾಯಿ ಮಗಳಿಗೆ ಅದೊಂದೇ ಪದ ಉಳೀತು.

ಅಕ್ಕನ ಮಗಳಿಗೆ ಫೋನ್ ಬರಲೇ ಇಲ್ಲ. ಡನ್‌ಡಾಕ್ ಅನ್ನೋ ಊರಿನಲ್ಲಿ ಒಂದು ಸೈನ್ಸ್ ಕೋರ್ಸಿಗೆ ಸೇರಿದಳು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ ಅಂದಳು.

ಚಳಿಗಾಲ ಪೂರ್ತಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಆಫೀಸಿನ ಕಾರ್ ಪಾರ್ಕಿನಲ್ಲಿ ಕೂತು, ಹೆಸರು ಹೇಳದೆ, ಆ ಕಾಲೇಜಿನ ಅಡ್ಮಿಷನ್ ಆಫೀಸಿಗೇ ಫೋನ್ ಮಾಡಿದೆ. ಎತ್ತಿದ ಹೆಂಗಸು ಒಳ್ಳೆಯವಳು, ಮಾತಿಗೊಂದು ಸಲ ಲವ್ ಅಂತ ಅಕ್ಕರೆಯಿಂದ ಕರೀತಿದ್ದಳು. "ಇಲ್ಲ ಲವ್, ಕಾಗದ ಬರೆದರೆ ಲಿಸ್ಟಿನಲ್ಲಿ ಜಾಗ ಮೇಲೆ ಹೋಗಲ್ಲ" ಅಂದಳು. ಅಬ್ಬಾ, ಬದುಕಿದೆ ಅಂದುಕೊಂಡೆ. ಸೀಟಿಗೆ ಒರಗಿ ಉಸಿರು ಬಿಟ್ಟೆ. ಆಗಲೇ ಫೋನ್ ಇಟ್ಟುಬಿಡಬೇಕಿತ್ತು. ಅವಳು ಮುಂದುವರಿಸಿದಳು: "ಆದರೆ ಇಬ್ಬರದ್ದೂ ಅಂಕ ಒಂದೇ ಇದ್ದಾಗ, ಆಗಸ್ಟ್ ಕೊನೆಯಲ್ಲಿ ನಮಗೆ ಟೈಮೂ ಇಲ್ಲದಾಗ, ಖಂಡಿತ ಬರ್ತೀನಿ ಅಂದವರಿಗೇ ಮೊದಲು ಫೋನ್ ಮಾಡ್ತೀವಿ. ಅದು ಸಹಜ ಅಲ್ವಾ?"

ಥ್ಯಾಂಕ್ಸ್ ಹೇಳಿ ಇಟ್ಟೆ. ಇವರಿಬ್ಬರ ಅಂಕ ಒಂದೇ ಇತ್ತಾ? ಯಾರಿಗೆ ಗೊತ್ತು. ಅದನ್ನು ಕೇಳೋಕೆ ನನಗೆ ಯಾವ ಹಕ್ಕಿತ್ತು, ಯಾವ ಮುಖ ಇತ್ತು?

ಈ ವರ್ಷ ಜೂನ್‌ನಲ್ಲಿ ಅಕ್ಕನ ಮಗಳಿಗೆ ಮತ್ತೆ ವೇಟಿಂಗ್ ಲಿಸ್ಟ್ ಬಂತು. ಅಕ್ಕ ಬಂದು, "ಹೋದ್ ಸಲ ಹೇಳಿದ್ಯಲ್ಲ, ಈ ಸಲವೂ ಸುಮ್ಕೇ ಇರ್ತೀವಿ ಬುಡು" ಅಂದರು. ನಾನು, "ಇಲ್ಲ ಅಕ್ಕ, ಈ ಸಲ ಬರೆಯೋಣ, ನಾನು ಬರ್ಕೊಡ್ತೀನಿ" ಅಂದೆ. ಯಾಕೆ ಈಗ ಬರೀಬೋದು ಅಂತ ಅವರು ಕೇಳಲೇ ಇಲ್ಲ. ನನ್ನ ಕೈ ಹಿಡಿದು ಒತ್ತಿದರು.

ಆ ಶನಿವಾರ ಹುಡುಗಿ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತಳು. ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ಒಂದು ವಾಕ್ಯ ಬರೆಯೋದು, ಅಳಿಸೋದು. ಅವಳು ಸ್ವಲ್ಪ ಹೊತ್ತು ನೋಡಿ, "ಆಂಟಿ, ಇಷ್ಟು ಕಷ್ಟಪಡಬೇಡಿ. ನಂಗೊತ್ತು" ಅಂದಳು.

"ಏನು ಗೊತ್ತು?"

"ಹೋದ ವರ್ಷ ನೀವು ಕಾಗದ ಕಳಿಸಿದ್ದು. ಕಾಲೇಜಿಗೆ ಹೋದ ಮೊದಲನೇ ವಾರವೇ ನಿಮ್ಮ ಮಗಳು ನಂಗೆ ಫೋನ್ ಮಾಡಿ, ಎಲ್ಲ ಹೇಳಿ ಅತ್ತಳು. ನಾನೇ ಬರೀಬೋದಿತ್ತು ಆಂಟಿ, ನಂಗೆ ಬರುತ್ತೆ. ನೀವು ಬೇಡ ಅಂದ್ರಿ ಅಂತ ಅಮ್ಮ ಬಿಡಲಿಲ್ಲ."

ಎದ್ದು ನಿಂತೆ. "ಈಗಲೇ ಹೋಗಿ ನಿಮ್ಮಮ್ಮನ ಕಾಲಿಗೆ ಬೀಳ್ತೀನಿ. ಎಲ್ಲ ಹೇಳಿಬಿಡ್ತೀನಿ" ಅಂದೆ. ನಾಟಕ ಅಲ್ಲ, ಚಪ್ಪಲಿ ಮೆಟ್ಟಿಕೊಳ್ತಿದ್ದೆ.

ಅವಳು ಬಾಗಿಲಿಗೆ ಅಡ್ಡ ಬಂದಳು. "ಬೇಡ. ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಅಮ್ಮ ಏನ್ ಮಾಡ್ಬೇಕು? ಈ ದೇಶದಲ್ಲಿ ಅವಳು ಕನ್ನಡದಲ್ಲಿ ಬಾಯಿಬಿಟ್ಟು ಅಳೋದು ನಿಮ್ಮೊಬ್ರ ಹತ್ರಾನೇ. ಅದನ್ನೂ ತೆಗೀಬೇಡಿ ಆಂಟಿ." ಬೈದಿದ್ದರೆ ತಡ್ಕೊತಿದ್ದೆ. ಹತ್ತೊಂಬತ್ತರ ಹುಡುಗಿ, ಒಂದು ಕೆಟ್ಟ ಮಾತು ಆಡದೆ ನನ್ನನ್ನು ಕೂರಿಸಿ, ಕಾಗದ ಮುಗಿಸಿಕೊಂಡು, ಥ್ಯಾಂಕ್ಯೂ ಹೇಳಿ ಹೋದಳು.

ಕಾಗದ ಹೋಯ್ತು. ಜುಲೈ ಕಳೀತು. ಆಗಸ್ಟ್ ಕೊನೇ ವಾರ ಅಕ್ಕ ಕೆಲಸದಲ್ಲೂ ಏಪ್ರನ್ ಜೇಬಿನಲ್ಲಿ ಮಗಳ ಫೋನು ಇಟ್ಟುಕೊಂಡಿದ್ದರಂತೆ. ಯಾರೂ ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ "ಲಿಸ್ಟ್ ಮುಚ್ಚಿದೆ" ಅಂತ ಎರಡು ಸಾಲಿನ ಇಮೇಲ್ ಬಂತು. ಹುಡುಗಿ ಸೂಟ್‌ಕೇಸ್ ಎಳೆದುಕೊಂಡು ಡನ್‌ಡಾಕ್ ಬಸ್ ಹತ್ತಿದಳು. ಮೂರನೇ ಸಲ ಅರ್ಜಿ ಹಾಕಲ್ಲ ಅಂದಳಂತೆ.

ಮಾರನೇ ದಿನ ಬೆಳಗ್ಗೆ ಅಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ತುಂಬಾ ಹೊತ್ತು ಅತ್ತರು. ನಾನು ಪಕ್ಕದಲ್ಲಿ ನಿಂತು ಬೆನ್ನು ಸವರುತ್ತಿದ್ದೆ. ಅತ್ತು ಮುಗಿಸಿ, ಸೆರಗಿಲ್ಲವಲ್ಲ, ಸ್ವೆಟರಿನ ತೋಳಿನಿಂದಲೇ ಮೂಗು ಒರೆಸಿಕೊಂಡು ಹೇಳಿದರು: "ಆ ಕಾಗ್ದ ಬರೀಬಾರ್ದಾಗಿತ್ತು ಕಣವ್ವ. ಅದ್ರಿಂದ್ಲೇ ಕೆಟ್ಟೋಯ್ತು. ಹೋದ್ ವರ್ಷ ನೀನು ಸರಿಯಾಗೇ ಹೇಳಿದ್ದೆ, ಹಿಂದೆ ಬಿದ್ರೆ ಅವ್ರಿಗೆ ಆಗಕಿಲ್ಲ ಅಂತ. ಈ ಸಲ ನನ್ ಮಖ ನೋಡಿ ಕರ್ಳು ತಡೀನಾರ್ದೆ ಬರ್ಕೊಟ್ಟೆ. ನಿನ್ ತಪ್ಪಿಲ್ಲ, ನಾನೇ ಬ್ಯಾಡ ಅನ್ಬೇಕಿತ್ತು. ಅಲ್ವಾ?"

ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹೂಂ ಅಕ್ಕ" ಅಂದೆ.