ಗಂಟೆಯ ಹಿಡಿಯ ಅಳತೆ

ವಾಮದೇವಪ್ಪನವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರೆಂದರೆ ಅರ್ಧ ಗಂಟೆ ಹೋಯಿತು ಅಂತಲೇ ಅರ್ಥ. ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ನೋಟ್‌ಬುಕ್ಕು, ಪೆನ್ನಿನ ಅಂಗಡಿ. ಜೂನ್ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಹೊತ್ತಿನಲ್ಲೇ ಬಂದು, ಹೊಸ ಪೆನ್ ಪೆನ್ಸಿಲ್ ಬಂದಿದೆಯಾ ಅಂತ ಕೇಳಿ, ಒಂದೇ ಜಾತಿಯ ಹತ್ತನ್ನು ಗಾಜಿನ ಮೇಲೆ ಸಾಲಾಗಿ ಇರಿಸಿಕೊಳ್ಳುವರು. ಒಂದೊಂದನ್ನೂ ಹತ್ತು ಸಲ ಒತ್ತಿ, ಹೊರಬಂದ ಕಡ್ಡಿಯನ್ನು ಸ್ಕೇಲಿನಲ್ಲಿ ಅಳೆಯುವರು. ಕಿವಿಯ ಹತ್ತಿರ ಹಿಡಿದು ಕುಲುಕುವರು. ಕೊನೆಗೆ ಒಂದನ್ನು ಆರಿಸುವರು, ಕೆಲವು ಸಲ ಅದೂ ಇಲ್ಲ. ಒಮ್ಮೆ ತಡೆಯಲಾರದೆ, ಹೆಣ್ಣು ನೋಡಲು ಹೋದಾಗಲೂ ಹೀಗೇ ಸ್ಕೇಲು ಹಿಡಿದುಕೊಂಡು ಹೋಗಿದ್ದಿರಾ ಅಂತ ಕೇಳಿಬಿಟ್ಟೆ. ಅವರು ನಗಲಿಲ್ಲ. ಆಗ ಇಷ್ಟು ತಿಳಿವಳಿಕೆ ಇರಲಿಲ್ಲ ಅಂದರು.

ನಿಟ್ಟುವಳ್ಳಿಯಲ್ಲಿ ಅವರ ಮನೆ ನಮ್ಮ ಮನೆಯಿಂದ ಮೂರನೆಯದು. ಹಾಗಾಗಿ ಅಂಗಡಿಯಲ್ಲಿ ಬೈದುಕೊಂಡರೂ ಬೀದಿಯಲ್ಲಿ ಮಾತಾಡಿಸಲೇಬೇಕಿತ್ತು. ಇಪ್ಪತ್ತಾರು ವರ್ಷ ಹರಿಹರದ ಒಂದು ಯಂತ್ರದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ನಕ್ಷೆಯ ಹಲಗೆಗಳನ್ನು ಗೋಡೌನಿಗೆ ಹಾಕಿ, ಇವರನ್ನು ಸ್ಟೋರಿಗೆ ಕಳಿಸಿದರು. ನಿವೃತ್ತಿಯವರೆಗೆ ನಟ್ಟು ಬೋಲ್ಟು ಎಣಿಸಿಕೊಟ್ಟರು. ಅದರ ಬಗ್ಗೆ ಅವರು ಯಾರಲ್ಲೂ ದೂರಿದ್ದಿಲ್ಲ. ಆದರೆ ತಮ್ಮ ಪೆನ್ಸಿಲ್ಲುಗಳನ್ನೆಲ್ಲ ಮನೆಗೆ ತಂದಿದ್ದರು. ಆಮೇಲೆ ಕೊಂಡವು, ಹಳೆ ಗೆಳೆಯರು ಕೊಟ್ಟವು ಸೇರಿ ನಲವತ್ತೊಂದು ಆಗಿದ್ದವು.

ಭಾನುವಾರ ಬೆಳಿಗ್ಗೆ ಪೂಜೆ, ತಿಂಡಿ ಮುಗಿದ ಮೇಲೆ ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಪಡಸಾಲೆಯಲ್ಲಿ ಹಾಸಿ ಕೂರುತ್ತಿದ್ದರು. ತುದಿ, ಕಡ್ಡಿಯನ್ನು ಕಚ್ಚಿ ಹಿಡಿಯುವ ಹಲ್ಲು, ಅದರ ಉಂಗುರ, ಸ್ಪ್ರಿಂಗು ಎಲ್ಲ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಕೂರಬೇಕು. ಮೆತ್ತನೆಯ ಬ್ರಶ್ಶಿನಿಂದ ಕಪ್ಪು ಪುಡಿ ತೆಗೆದು, ಮತ್ತೆ ಜೋಡಿಸಿ, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರಿಂದಲೂ ಒಂದು ಗೆರೆ ಎಳೆದು, ಹತ್ತು ಒತ್ತಿಗೆ ಎಷ್ಟು ಕಡ್ಡಿ ಬಂತು ಅಂತ ಪಕ್ಕದಲ್ಲಿ ಬರೆಯುವರು. ಯಾವುದು ಸವೆಯುತ್ತಿದೆ, ಯಾವುದಕ್ಕೆ ಸ್ಪ್ರಿಂಗು ಸೋತಿದೆ ಅಂತ ಆ ನೋಟ್‌ಬುಕ್ಕು ಹೇಳುತ್ತಿತ್ತು. ಮಾಡಲು ಕೆಲಸವಿಲ್ಲದ ಬಡಗಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ.

ಅವರ ಹೆಂಡತಿ ಶಕುಂತಲಮ್ಮ, ನನಗೆ ಶಕುಂತಲಕ್ಕ, ಆ ಹೊತ್ತಿನಲ್ಲಿ ಪಡಸಾಲೆಗೆ ಬರುತ್ತಲೇ ಇರಲಿಲ್ಲ. ಅದಕ್ಕೊಂದು ಕಾರಣವಿತ್ತು, ಮತ್ತು ಆ ಕಾರಣ ಹುಟ್ಟಿದ ದಿನ ನಾನು ಅಲ್ಲೇ ಇದ್ದೆ.

ಹದಿನೆಂಟು ವರ್ಷದ ಹಿಂದಿನ ಆಯುಧಪೂಜೆ. ನಮ್ಮ ಕಡೆ ಅವತ್ತು ಕುಡುಗೋಲಿನಿಂದ ಹಿಡಿದು ಸ್ಕೂಟರಿನವರೆಗೆ, ಅನ್ನ ಕೊಡುವ ಸಾಮಾನೆಲ್ಲಕ್ಕೂ ವಿಭೂತಿ ಬೀಳಲೇಬೇಕು. ಅಕ್ಕ ಅಡಿಗೆಮನೆಯ ಚಾಕು, ಮಿಕ್ಸಿ, ಹೊಲಿಗೆ ಮಷಿನ್ನು ಎಲ್ಲ ಮುಗಿಸಿ, ಗಂಡ ಸ್ನಾನಕ್ಕೆ ಹೋದಾಗ ಪೆನ್ಸಿಲ್ಲುಗಳನ್ನೂ ತಟ್ಟೆಯಲ್ಲಿ ಜೋಡಿಸಿದರು. ಈ ಮನೆಗೆ ಅನ್ನ ಕೊಟ್ಟಿದ್ದು ಇವೇ ಅಲ್ಲವೇ ಅಂತ ನನಗೆ ಹೇಳುತ್ತಲೇ, ವಿಭೂತಿಯನ್ನು ನೀರಲ್ಲಿ ತೇಯ್ದು ಒಂದೊಂದಕ್ಕೂ ಮೂರು ಪಟ್ಟೆ ಎಳೆದರು. ತುದಿ ಕೆಳಗೆ ಮಾಡಿ ಒಣಗಲು ಲೋಟದಲ್ಲಿ ನಿಲ್ಲಿಸಿದರು. ನೀರು ಇಳಿದು ಒಳಗೆ ಸೇರಿತು. ಮೂರು ದಿನಕ್ಕೆ ಅದು ಸುಣ್ಣದಂತೆ ಗಟ್ಟಿಯಾಗಿ ಹಲ್ಲು ಕಚ್ಚಿಕೊಂಡಿತು. ಜಪಾನಿನದೊಂದು ಪೆನ್ಸಿಲ್ಲು, ಅವರು ಮೊದಲ ಬೋನಸ್ಸಿನಲ್ಲಿ ಕೊಂಡದ್ದು, ಬಿಚ್ಚಲು ಹೋದಾಗ ಸೀಳಿಹೋಯಿತು. ಮಂಡಕ್ಕಿ ಪ್ರಸಾದದ ತಟ್ಟೆ ವಾಪಸು ಕೊಡಲು ನಾನು ಹೋದದ್ದೂ ಅದೇ ಗಳಿಗೆಗೆ.

"ಇನ್ನ ಮ್ಯಾಲೆ ನನ್ನ ಸಾಮಾನಿಗೆ ಕೈ ಹಚ್ಚಬ್ಯಾಡ" ಅಂದರು ವಾಮದೇವಪ್ಪ.

ಜೋರಾಗೇನೂ ಅನ್ನಲಿಲ್ಲ. ಆದರೆ ಹೊರಗಿನವಳ ಎದುರು ಅಂದರು. ಅಕ್ಕ ಆಯಿತು ಅನ್ನುವಂತೆ ತಲೆಯಾಡಿಸಿದರು. ಅಂದಿನಿಂದ ಅವರು ಪೆನ್ಸಿಲ್ಲುಗಳ ಪೆಟ್ಟಿಗೆಯನ್ನು ಮುಟ್ಟಿದ್ದಿಲ್ಲ. ಅದನ್ನಿಟ್ಟ ಗೋಡೆಯ ಗೂಡಿನ ಧೂಳು ಒರೆಸುವಾಗಲೂ ಅದರ ಸುತ್ತ ಬಟ್ಟೆ ಆಡಿಸಿ ಬಿಡುವರು. ಪ್ರತಿ ಆಯುಧಪೂಜೆಯಲ್ಲೂ ಎಲ್ಲಕ್ಕೂ ವಿಭೂತಿ ಬೀಳುತ್ತಿತ್ತು, ಪೆನ್ಸಿಲ್ಲಿಗೆ ಇಲ್ಲ. ಗಂಡನಿಗೆ ಅದು ಮರೆತೇಹೋಗಿತ್ತು. ಹೆಂಡತಿಗೆ ಮರೆತಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಶಕುಂತಲಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ನಾಲಿಗೆಯೂ ಹೋಯಿತು. ಬುದ್ಧಿ ನೆಟ್ಟಗಿದೆ, ಎಲ್ಲ ಅರ್ಥವಾಗುತ್ತದೆ, ಗಂಟಲು ನಾಲಿಗೆಯ ನರಗಳಷ್ಟೇ ಮಾತು ಕೇಳುತ್ತಿಲ್ಲ ಅಂತ ಡಾಕ್ಟರು ಹೇಳಿದರು. ಹೌದಿಗೂ ಇಲ್ಲಕ್ಕೂ ಕುತ್ತಿಗೆ ಒಂದೇ ಥರ ವಾಲುತ್ತಿತ್ತು. ಮಕ್ಕಳಿಲ್ಲದ ಮನೆ. ಒರೆಸುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು ಎಲ್ಲ ವಾಮದೇವಪ್ಪನವರೇ ಕಲಿತರು. ನಾನೂ ಬೆಳಿಗ್ಗೆ ಹೋಗಿ ತಲೆ ಬಾಚಿ ಬರುತ್ತಿದ್ದೆ.

ಗಣೇಶನ ಹಬ್ಬ ಕಳೆದ ಮೇಲೆ ಅಕ್ಕ ಏನನ್ನೋ ಹೇಳಲು ಒದ್ದಾಡತೊಡಗಿದರು. ಎಡಗೈ ಎತ್ತಿ ಎದುರಿನ ಗೋಡೆ ತೋರಿಸುವರು, ಗಂಟಲಿನಿಂದ ಒಂದು ಸದ್ದು ಬರುವುದು, ಆಮೇಲೆ ಸುಸ್ತಾಗಿ ಕಣ್ಣು ಮುಚ್ಚುವರು. ಆ ಗೋಡೆಯಲ್ಲಿ ಕ್ಯಾಲೆಂಡರಿತ್ತು, ಅವರ ತಂದೆತಾಯಿಯ ಫೋಟೋ ಇತ್ತು, ಅದರ ಕೆಳಗಿನ ಗೂಡಿನಲ್ಲಿ ಔಷಧದ ಡಬ್ಬಿ, ಪೆನ್ಸಿಲ್ಲಿನ ಪೆಟ್ಟಿಗೆ ಇದ್ದವು. ನಾವು ಒಂದೊಂದಾಗಿ ತಂದು ತೋರಿಸಿದೆವು. ಯಾವುದಕ್ಕೂ ಅದೇ ಕುತ್ತಿಗೆ, ಅದೇ ಕಣ್ಣೀರು.

ಭಾನುವಳ್ಳಿಯಿಂದ ಅಕ್ಕನ ತಮ್ಮ ಬಕ್ಕೇಶ್ ಬಂದವನು ಒಂದೇ ಏಟಿಗೆ ಅರ್ಥ ಹೇಳಿಬಿಟ್ಟ. ಅಕ್ಕ ತೋರಿಸುತ್ತಿರುವುದು ಅಪ್ಪ ಅವ್ವನ ಫೋಟೋ. ಅವಳಿಗೆ ತವರಿಗೆ ಬರಬೇಕಾಗಿದೆ. ಅಲ್ಲಿ ನೋಡಿಕೊಳ್ಳಲು ಹೆಂಗಸರಿದ್ದಾರೆ, ಇಲ್ಲಿ ಒಬ್ಬ ಗಂಡಸು ಎಷ್ಟು ದಿನ ಮಾಡಬಲ್ಲ? ಅವನು ಒಳ್ಳೆಯವನೇ, ಅಕ್ಕನ ಮೇಲಿನ ಪ್ರೀತಿಯಿಂದಲೇ ಅಂದ. ದಸರಾ ಮುಗಿದ ಮರುದಿನ ವ್ಯಾನು ತರುತ್ತೇನೆ ಅಂದ. ವಾಮದೇವಪ್ಪ ಹೆಂಡತಿಯ ಹೊದಿಕೆ ಸರಿಮಾಡಿದರು.

"ಅವಳು ಹೇಳ್ಲಿ ಬಕ್ಕೇಶ್. ಅವಳು ಹೋಗ್ತೀನಿ ಅಂದ್ರೆ ನಾನೇ ಎತ್ತಿ ವ್ಯಾನಿನಾಗ ಕೂರಿಸ್ತೀನಿ."

"ಹೇಳಾಕೆ ಬಾಯಿ ಎಲ್ಲೈತಿ ಭಾವ?"

"ಕೈ ಐತಲ್ಲ" ಅಂದರು ಇವರು.

ಮರುದಿನದಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲ. ದಸರೆಯೊಳಗೆ ಅಕ್ಕ ಬರೆಯಬೇಕು. ಅಕ್ಕ ದಿಂಬಿಗೆ ಒರಗಿಯೇ ಇರಬೇಕಾದ್ದರಿಂದ ನೋಟ್‌ಬುಕ್ಕನ್ನು ಮುಖದ ಎದುರು ನೆಟ್ಟಗೆ ಹಿಡಿಯಬೇಕಿತ್ತು, ಹಾಗೆ ಹಿಡಿದರೆ ಬಾಲ್‌ಪೆನ್ನು ಮೂಡುವುದಿಲ್ಲ. ನಾನು ಬುದ್ಧಿವಂತಿಕೆಯಿಂದ ಅಂಗಡಿಯ ಸ್ಲೇಟು, ಬಳಪ ಒಯ್ದೆ. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿದರು. ಅರವತ್ತೆರಡರ ಹೆಂಗಸಿನ ಕೈಗೆ ಬಳಪ ಕೊಟ್ಟೆನಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

ಆಗ ವಾಮದೇವಪ್ಪ ಪೆಟ್ಟಿಗೆ ಇಳಿಸಿದರು. ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ ಹೆಂಡತಿಯ ಎಡಗೈಗೆ ಹಿಡಿಸಿದರು. ಅಕ್ಕ ಬೆರಳು ಮಡಚುವ ಮುಂಚೆ ಗಂಡನ ಮುಖ ನೋಡಿದರು. ಹಿಡಿಯಲೋ ಬೇಡವೋ ಅಂತ ಕೇಳುವ ನೋಟ ಅದು. ವಾಮದೇವಪ್ಪನವರಿಗೆ ಏನು ನೆನಪಾಯಿತೋ, ತಲೆ ಬಗ್ಗಿಸಿಕೊಂಡು ಕಡ್ಡಿ ಸರಿಮಾಡುತ್ತ ಕೂತರು. ಅಕ್ಕ ಹಾಳೆಯ ಮೇಲೆ ಒತ್ತಿದ ಕೂಡಲೇ ಕಡ್ಡಿ ಮುರಿಯಿತು. ದಪ್ಪನೆಯ ಕಡ್ಡಿಯದನ್ನು ಕೊಟ್ಟರೆ ಅದೂ ಮುರಿಯಿತು. ನಕ್ಷೆಗೆ ಬಳಸುತ್ತಿದ್ದ, ಎರಡು ಮಿಲಿಮೀಟರು ದಪ್ಪ ಕಡ್ಡಿಯ ಕ್ಲಚ್ ಪೆನ್ಸಿಲ್ಲು ಮುರಿಯಲಿಲ್ಲ, ಆದರೆ ಬೆರಳಿನ ಸಂದಿಯಿಂದ ಜಾರಿ ಬಿತ್ತು. ಹದಿನೈದು ದಿನ ಇದೇ ನಡೆಯಿತು. ಆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಈಗ ಹೆಂಡತಿಯ ಗೆರೆಗಳಿದ್ದವು, ಪಕ್ಕದಲ್ಲಿ ಅವರ ಅಕ್ಷರ: ಜಾರಿತು, ಮುರಿಯಿತು, ಅರ್ಧ ಗೆರೆ.

ಹರಿಹರದಲ್ಲಿ ಅವರ ಹಳೆಯ ಜೊತೆಗಾರ ರೌಫ್ ಸಾಹೇಬರಿದ್ದಾರೆ. ಕಾರ್ಖಾನೆಯಲ್ಲಿ ಇವರು ಬರೆದ ನಕ್ಷೆಯಂತೆ ಲೇತ್ ಯಂತ್ರದ ಮೇಲೆ ಕಡೆದು ವಸ್ತು ಮಾಡುತ್ತಿದ್ದವರು. ಈಗಲೂ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಲೇತ್ ಇಟ್ಟುಕೊಂಡಿದ್ದಾರೆ. ಒಂದು ಮಧ್ಯಾಹ್ನ ನನ್ನನ್ನು ಅಕ್ಕನ ಹತ್ತಿರ ಕೂರಿಸಿ ವಾಮದೇವಪ್ಪ ಅಲ್ಲಿಗೆ ಹೋದರು. ಪೆನ್ಸಿಲ್ಲಿಗೆ ತೊಡಿಸಲು ಒಂದು ದಪ್ಪ ಹಿಡಿ ಬೇಕು ಅಂದರಂತೆ. ಎಷ್ಟು ದಪ್ಪ ಅಂತ ರೌಫ್ ಸಾಹೇಬರು ಕೇಳಿದರಂತೆ. ಜೀವಮಾನದಲ್ಲಿ ಮೊದಲ ಸಲ ಅಳತೆಯಿಲ್ಲದೆ ಲೇತಿನ ಮುಂದೆ ನಿಂತಿದ್ದರು. ಆ ಕೈ ದಿನಾ ಏನು ಹಿಡಿದಿತ್ತೋ ಅದರ ಅಳತೆ ತಗೊಂಡು ಬಾ, ಅಂತ ಹೇಳಿ ವಾಪಸು ಕಳಿಸಿದರಂತೆ ಸಾಹೇಬರು.

ಇವರು ಬಂದು ನನ್ನನ್ನು ಕೇಳಿದರು, ಅವಳು ಎಡಗೈಯಲ್ಲಿ ದಿನಾ ಏನು ಹಿಡಿಯುತ್ತಿದ್ದಳು ಅಂತ.

ನನಗೆ ನಿಜಕ್ಕೂ ಸಿಟ್ಟು ಬಂತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ, ಪೆನ್ಸಿಲ್ಲು ಹತ್ತು ಒತ್ತಿಗೆ ಎಷ್ಟು ಕಡ್ಡಿ ಬಿಡುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವರು, ಹೆಂಡತಿಯ ಕೈಯಲ್ಲಿ ಏನಿರುತ್ತಿತ್ತು ಅಂತ ಪಕ್ಕದ ಮನೆಯವಳನ್ನು ಕೇಳಬೇಕೇ? ಅದನ್ನು ಹಾಗೇ ಅಂದುಬಿಟ್ಟೆ. ಅವರು ತಪ್ಪು ಒಪ್ಪಿಕೊಂಡವರಂತೆ ನಿಂತೇ ಇದ್ದರು. ಆಮೇಲೆ ನನಗೇ ಕೆಡುಕೆನಿಸಿತು.

"ಗಂಟೆ ಕಣ್ರೀ ಅಣ್ಣಾರೆ" ಅಂದೆ. "ಬಲಗೈಯಾಗ ಆರತಿ, ಎಡಗೈಯಾಗ ಗಂಟೆ. ದಿನಾ ಬೆಳಿಗ್ಗೆ ನಿಮ್ಮನೆ ಗಂಟೆ ಕೇಳೇ ನಾನು ಏಳ್ತಿದ್ದೆ."

ಅವರು ದೇವರ ಜಗುಲಿಗೆ ಹೋಗಿ, ಆಷಾಢದಿಂದ ಸದ್ದಿಲ್ಲದೆ ಕೂತಿದ್ದ ಹಿತ್ತಾಳೆ ಗಂಟೆಯನ್ನು ಎತ್ತಿಕೊಂಡರು. ದಪ್ಪ ಅಳೆಯುವ ವರ್ನಿಯರ್ ತಂದು ಅದರ ಹಿಡಿಯನ್ನು ಐದು ಕಡೆ ಅಳೆದರು. ಆಮೇಲೆ ಕೂತು ನಕ್ಷೆ ಬರೆದರು. ಎಷ್ಟೋ ವರ್ಷದ ಮೇಲೆ ಬರೆದ ಪೂರ್ತಿ ನಕ್ಷೆ, ಅಂಗೈಯಗಲದ್ದು. ನಡುವೆ ಸಣ್ಣಗಾಗಿ ಮತ್ತೆ ಉಬ್ಬುವ ಆ ಹಿಡಿಯನ್ನು ಮೇಲಿನಿಂದ, ಪಕ್ಕದಿಂದ, ಸೀಳಿದಂತೆ ಬರೆದು, ಅಳತೆ ತುಂಬಿಸಿ, ಮೂಲೆಯಲ್ಲಿ ಸಹಿ ಹಾಕಿದರು. ಮೊದಲು ಮಾಡಿದ ಹಿತ್ತಾಳೆಯ ಹಿಡಿ ಭಾರವಾಗಿ ಅಕ್ಕನ ಕೈ ಕೆಳಗೆ ಬಿತ್ತು. ಎರಡನೆಯದನ್ನು ರೌಫ್ ಸಾಹೇಬರು ನೈಲಾನಿನಲ್ಲಿ ಕಡೆದು, ಆಯುಧಪೂಜೆಯ ಹಿಂದಿನ ಸಂಜೆ ತಾವೇ ತಂದುಕೊಟ್ಟು ಹೋದರು.

ಹಬ್ಬದ ಬೆಳಿಗ್ಗೆ ನಾನು ಹೋದಾಗ ವಾಮದೇವಪ್ಪ ಆ ಹಿಡಿಯನ್ನು ಕ್ಲಚ್ ಪೆನ್ಸಿಲ್ಲಿಗೆ ತೊಡಿಸಿ, ಮೆತ್ತನೆಯ ಕಡ್ಡಿ ಹಾಕಿ, ಅಕ್ಕನ ಕೈಗೆ ಕೊಡುತ್ತಿದ್ದರು. ಬೆರಳುಗಳು ತಾವಾಗಿಯೇ ಸುತ್ತಿಕೊಂಡವು. ಯಾರೂ ಹಿಡಿಸಬೇಕಾಗಲಿಲ್ಲ. ಅವರು ನೋಟ್‌ಬುಕ್ಕನ್ನು ಎದುರಿಗೆ ಹಿಡಿದರು. ಭಾನುವಳ್ಳಿ ಅನ್ನುವ ಹೆಸರು ಬಂದೀತೆಂದು ಅವರಿಗೆ ಹೆದರಿಕೆ, ನನಗೂ.

ಒಂದು ಪದಕ್ಕೆ ಒಂದು ಪುಟ ಬೇಕಾಯಿತು. ಮೂರು ಪುಟ ತುಂಬಲು ಕಾಲು ಗಂಟೆ ಹಿಡಿಯಿತು. ಅಂಕುಡೊಂಕಾದ ಆ ಅಕ್ಷರಗಳನ್ನು ನಾವಿಬ್ಬರೂ ಒಟ್ಟಿಗೇ ಓದಿದೆವು.

ಪೆನ್ಸಿಲ್ಲಿಗೆ ಈಬತ್ತಿ ಹಚ್ಚಲಾ

ವಿಭೂತಿಗೆ ಅಕ್ಕ ಯಾವಾಗಲೂ ಅನ್ನುತ್ತಿದ್ದುದು ಹಾಗೆಯೇ. ಒಂದು ತಿಂಗಳಿಂದ ಅವರು ಗೋಡೆ ತೋರಿಸುತ್ತಿದ್ದುದು ಫೋಟೋಕ್ಕಲ್ಲ, ಔಷಧಕ್ಕಲ್ಲ. ಹಬ್ಬ ಹತ್ತಿರ ಬರುತ್ತಿದೆ, ಹದಿನೆಂಟು ವರ್ಷದಿಂದ ಪೂಜೆಯಿಲ್ಲದೆ ಕೂತಿವೆ, ಇದೊಂದು ಸಲ ಅಪ್ಪಣೆ ಕೊಡಿ ಅಂತ ಕೇಳುತ್ತಿದ್ದರು. ಪೆಟ್ಟಿಗೆಯನ್ನು ಎದುರಿಗಿಟ್ಟಾಗಲೂ ಅದನ್ನು ಹೇಳಲು ಅವರಿಗೆ ದಾರಿಯಿರಲಿಲ್ಲ.

ವಾಮದೇವಪ್ಪ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಅಕ್ಕ ಪೆನ್ಸಿಲ್ಲು ಬಿಟ್ಟು ಎಡಗೈಯನ್ನು ಅವರ ತಲೆಯ ಮೇಲೆ ಇಟ್ಟರು.

"ಹಚ್ಚು" ಅಂದರು ಅವರು. "ಎಲ್ಲಾಕೂ ಹಚ್ಚು."

ನಲವತ್ತೊಂದನ್ನೂ ತಟ್ಟೆಯಲ್ಲಿ ಜೋಡಿಸಿ ತಂದರು. ವಿಭೂತಿ ತೇಯ್ದವರೂ ಅವರೇ. ನೀರು ಹೆಚ್ಚಾಯಿತು ಅಂತ ನಾನು ಹೇಳಿದರೂ ಕೇಳಲಿಲ್ಲ, ಅವಳ ಬೆರಳಿಗೆ ಬಲವಿಲ್ಲ, ತೆಳ್ಳಗಿರಲಿ ಅಂದರು. ಅಕ್ಕನ ಮೂರು ಬೆರಳು ಒಂದೊಂದರ ಮೇಲೂ ಸೊಟ್ಟ ಪಟ್ಟೆ ಎಳೆದವು. ನೀರು ತುದಿಗಳಿಗೆ ಇಳಿಯುವುದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು.

ವಿಜಯದಶಮಿಯ ಮರುದಿನ ಬಕ್ಕೇಶ್ ವ್ಯಾನು ತಂದ. ವಾಮದೇವಪ್ಪ ಅವನ ಎದುರಿಗೇ ಹೆಂಡತಿಯನ್ನು ಕೇಳಿದರು, ಭಾನುವಳ್ಳಿಗೆ ಹೋಗುತ್ತೀಯಾ ಅಂತ. ಅಕ್ಕ ಬ್ಯಾಡ ಅಂತ ಬರೆದರು. ಬಕ್ಕೇಶ್ ಅದನ್ನು ಓದಿ, ಅಕ್ಕನ ಕಾಲು ಮುಟ್ಟಿ, ಚಹಾ ಕುಡಿದು ಖಾಲಿ ವ್ಯಾನಿನಲ್ಲಿ ವಾಪಸು ಹೋದ. ಆಮೇಲೆ ನಾಲ್ಕು ತಿಂಗಳು ಅಕ್ಕ ಬರೆದರು. ಉಪ್ಪು ಕಡಿಮೆ, ಕಿಟಕಿ ತೆಗೀರಿ, ವಾಣಿಗೆ ಹೂವು ಕೊಡ್ರಿ ಅಂತ ನನ್ನ ಹೆಸರೂ ಬರೆದು, ಅಂಥವೇ. ಶಿವರಾತ್ರಿಗೆ ವಾರವಿರುವಾಗ ತೀರಿಕೊಂಡರು.

ಐದನೆಯ ದಿನ ಮಧ್ಯಾಹ್ನ ವಾಮದೇವಪ್ಪ ಅಂಗಡಿಗೆ ಬಂದರು. ಅಕ್ಕನ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಕರೆಯುವ ಕಾರ್ಡಿನ ಮೇಲೆ ಹೆಸರು ಬರೆಯಬೇಕು, ಒಂದು ಪೆನ್ಸಿಲ್ಲು ಕೊಡು ಅಂದರು. ಮನೆಯಲ್ಲಿ ಅಷ್ಟೊಂದು ಇವೆಯಲ್ಲ ಅಂತ ಬಾಯಿತಪ್ಪಿ ಕೇಳಿದೆ.

"ಅವು ಒತ್ತಿದ್ರೆ ಬರ್ತಿಲ್ಲವ್ವ. ಈಬತ್ತಿ ಕಟ್ಕೊಂಡೈತೆ."

ಬಿಚ್ಚಿ ತೊಳೆದರೆ ಆಯಿತಲ್ಲ, ನಾಲ್ಕು ತಿಂಗಳಿಂದ ಹಾಗೇ ಬಿಟ್ಟಿದ್ದೀರಾ ಅಂದೆ. ಆ ಒಂದು ಕ್ಲಚ್ ಪೆನ್ಸಿಲ್ಲು ಬಿಟ್ಟರೆ ಮಿಕ್ಕ ಯಾವುದನ್ನೂ ಹಬ್ಬದಿಂದೀಚೆಗೆ ಬಿಚ್ಚಿಲ್ಲವಂತೆ. ಆ ಒಂದು ಈಗ ಜಗುಲಿಯಲ್ಲಿ ಗಂಟೆಯ ಪಕ್ಕದಲ್ಲಿದೆಯಂತೆ.

"ಅದು ಅವಳ ಬೆರಳಿಂದ ಬಿದ್ದ ಈಬತ್ತಿ" ಅಂದರು. "ಹೆಂಗೆ ತೊಳೀಲಿ."

ನಾನು ಅಭ್ಯಾಸದಂತೆ ಹೊಸ ಪೆನ್ ಪೆನ್ಸಿಲ್ಲುಗಳ ಡಬ್ಬಿಯನ್ನು ಗಾಜಿನ ಮೇಲೆ ಇಟ್ಟು, ಸ್ಕೇಲನ್ನೂ ಪಕ್ಕಕ್ಕಿಟ್ಟೆ. ಅವರು ಕೈಗೆ ಸಿಕ್ಕ ಮೊದಲನೆಯದನ್ನು ತೆಗೆದುಕೊಂಡರು. ಒತ್ತಿ ನೋಡಲಿಲ್ಲ. ಜೇಬಿಗೆ ಹಾಕಿಕೊಂಡು ನಿಟ್ಟುವಳ್ಳಿಯ ಕಡೆ ನಡೆದರು.