ಮುಟ್ಟಿ ನೋಡದ ಗಂಟು

ಯಲ್ಲವ್ವಾ, ನಿನ್ನ ಅವ್ವನ ಎದೆಯ ಗಂಟನ್ನು ನಾನು ಮುಟ್ಟಿ ನೋಡಿರಲೇ ಇಲ್ಲ. ಆಕೆ ಮಣ್ಣಾದ ದಿನ ನಿನಗೆ ಹೇಳಿದ್ದು — "ಕೈಯಿಟ್ಟ ನೋಡಿದ್ನೆವಾ, ಆಗ ಏನೂ ಇರಲಿಲ್ಲ" — ಅದು ಹಸಿ ಸುಳ್ಳು.

ಆಗ ನಾನು ಈ ಊರಿಗೆ ಹೊಸ ನರ್ಸ್. ಹೆಂಗಸರ ತಪಾಸಣೆಗೆ ಗೌಡರ ಮನೆಯ ಒಳಕೋಣೆಯನ್ನು ಆರಿಸಿದವಳು ನಾನೇ. ಅಂಗನವಾಡಿಯಲ್ಲೂ ಕೋಣೆ ಇತ್ತು. ಆದರೆ ಗೌಡರಲ್ಲಿ ಫ್ಯಾನ್ ಇತ್ತು, ಚಹಾ ಬರುತ್ತಿತ್ತು, ನನ್ನ ಜಾತಿಯ ಮನೆ... ನಿಮ್ಮ ದಲಿತ ಕೇರಿಯವರು ಆ ಹೊಸ್ತಿಲು ದಾಟುವುದಿಲ್ಲ ಎಂದು ಗೊತ್ತಿದ್ದೇ ಆರಿಸಿದೆ. ಅವರನ್ನು ಅಂಗಳದಲ್ಲೇ ನಿಲ್ಲಿಸಿ ಬಾಯಿಮಾತಿನಲ್ಲಿ ಕೇಳಿ ಕಳಿಸುತ್ತಿದ್ದೆ.

"ಅಕ್ಕಾರ, ಎದಿಯಾಗ ಗಂಟ ಆಗೇತ್ರಿ. ಒಂಚೂರ ನೋಡ್ರಿ," ಅಂದಳು ನಿನ್ನ ಅವ್ವ ದುರ್ಗವ್ವ, ಸೆರಗು ಬಿಗಿಹಿಡಿದು.

"ನೋವೈತೇನು?"

"ಇಲ್ರಿ."

"ಹಂಗಾರ ಏನೂ ಅಲ್ಲ, ಹೋಗ."

ನೋವಿಲ್ಲ ಎಂದು ಗಂಟನ್ನು ಬಿಡಬಾರದೆಂದು ನನಗೆ ಕಲಿಸಿದ್ದರು. ಅದೇ ದಿನ ಗೌಡರ ಸೊಸೆಯ ಎದೆಯಲ್ಲೂ ಅಂಥದೇ ಗಂಟು ಕೈಗೆ ಸಿಕ್ಕಿತು. ಆಕೆಯನ್ನು ಮರುದಿನವೇ ಹುಬ್ಬಳ್ಳಿಗೆ ಕರೆದೊಯ್ದೆ — ಕಾರಿನಲ್ಲಿ ಪಕ್ಕದಲ್ಲೇ ಕೂತು. ಆಕೆ ಈಗಲೂ ಎದುರಾದರೆ ನಗುತ್ತಾಳೆ. ನಿನ್ನ ಅವ್ವ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಗಂಟು ಒಡೆದು ಹುಣ್ಣಾಗಿತ್ತು.

ಒಳಗೆ ಕರೆದರೆ ಗೌಡರ ಮನೆಯವರು ಬೇಡ ಅಂತಿದ್ದರು — ಹೀಗಂತ ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಈ ಮಾತು ನನ್ನೊಂದಿಗೇ ಹೋಗುತ್ತಿತ್ತೇನೋ. ಆದರೆ ಮೊನ್ನೆ ತಪಾಸಣೆಗೆ ಕರೆದಾಗ ನೀನು ಬಾಗಿಲಲ್ಲೇ ನಿಂತು ಅಂದೆ: "ಕೈಯಿಟ್ಟ ನೋಡಿದ್ರೂ ನಮ್ಮವ್ವಂದು ಗೊತ್ತಾಗಲಿಲ್ಲ. ಮತ್ಯಾಕ್ರಿ ನೋಡಿಸಿಕೊಳ್ಳೂದು?"

ಅವ್ವನಿಗೆ ಬಂದದ್ದು ಮಗಳಿಗೂ ಬರಬಹುದು, ಯಲ್ಲವ್ವಾ. ನನ್ನ ಸುಳ್ಳನ್ನು ನಂಬಿ ನೀನು ಹಿಂದೆ ಸರಿಯುತ್ತಿದ್ದೀ. ಕೈಯಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ, ಅಷ್ಟೇ.

ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಗುರುವಾರದ ತಪಾಸಣೆ ನಿಮ್ಮ ಕೇರಿಯ ಅಂಗನವಾಡಿಯಲ್ಲಿ. ಗೌಡರ ಮನೆಯವರಿಗೂ ಅಲ್ಲಿಗೇ ಬರಹೇಳಿದ್ದೇನೆ — ಮುಖ ಗಂಟಿಕ್ಕಿದರು, ಗಂಟಿಕ್ಕಲಿ. ಇನ್ನು ಮುಂದೆ ಎಲ್ಲರಿಗೂ ಅದೇ ಕೋಣೆ. ನನ್ನ ಕೈ ನಿನಗೆ ಬೇಡವೆನಿಸಿದರೆ ಬೇರೆ ಸಿಸ್ಟರ್ ಬರುತ್ತಾರೆ, ಅವರಿಗೆ ಹೇಳಿಟ್ಟಿದ್ದೇನೆ. ಆಗ ಅಂಗಳದಲ್ಲಿ ನಾನು ನಿಲ್ಲುತ್ತೇನೆ. ನೀನು ಒಳಗೆ ಹೋಗು.