ಜಂಬಮ್ಮ ಕಂಡ ಕೆಂಪು ವಿಭೂತಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಈ ಮೂರೂ ಊರುಗಳನ್ನು ಜರಡಿ ಹಿಡಿದರೂ ಹೆದರಿಕೆ ಎಂದರೇನೆಂದು ಗೊತ್ತಿಲ್ಲದ ಗಂಡಸು ಒಬ್ಬನೇ ಸಿಗುತ್ತಾನೆ. ಅವನು ನಾನು, ವಿರೂಪಾಕ್ಷಪ್ಪ. ಮೋಕ ಎಂಬ ಊರಿನ ಹುಣಸೆ ತೋಪಿನಲ್ಲಿ ದೆವ್ವವೊಂದು ಅಡ್ಡ ನಿಂತಾಗ ಬೀಡಿ ಹಚ್ಚಲು ಅದರ ಹತ್ತಿರವೇ ಬೆಂಕಿ ಕೇಳಿದವನು ನಾನು. ಪಾಪ, ಅದು ಕಡ್ಡಿಪೆಟ್ಟಿಗೆ ಕೈಗೆ ಕೊಟ್ಟು, ವಾಪಸು ಕೇಳಲು ಧೈರ್ಯ ಸಾಲದೆ ಓಡಿಹೋಯಿತು. ಆ ಕಡ್ಡಿಪೆಟ್ಟಿಗೆ ಈಗಲೂ ನನ್ನ ಹತ್ತಿರ ಇದೆ. ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಬರುವುದು ಕುರುಗೋಡಿನ ಜಂಬಮ್ಮನ ಕಥೆ. ಅದರಲ್ಲಿ ಹೆದರಿದವರು ಬಹಳ ಮಂದಿ.

೧೯೮೭ರ ಬೇಸಿಗೆ. ಬಳ್ಳಾರಿಯಲ್ಲಿ ಮನುಷ್ಯನ ನೆರಳು ಮನುಷ್ಯನನ್ನು ಬಿಸಿಲಲ್ಲೇ ಬಿಟ್ಟು ತಾನೊಂದೇ ಬೇವಿನ ಮರದ ಕೆಳಗೆ ಹೋಗಿ ಕೂರುವ ಕಾಲ. ಗಾಂಧಿನಗರದಲ್ಲಿ ನಾನು ಗುಮಾಸ್ತನಾಗಿದ್ದ ಹತ್ತಿಬೀಜದ ಕಚೇರಿಗೆ ಹೈದರಾಬಾದಿನಿಂದ ಒಂದು ಕಂಪ್ಯೂಟರ್ ಬಂದಿಳಿಯಿತು. ಆ ಯಂತ್ರಕ್ಕೆ ಧೂಳು ಆಗದು, ಬಿಸಿಲು ಆಗದು, ಚಪ್ಪಲಿ ಆಗದು. ಒಂದು ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದರು. ಗರ್ಭಗುಡಿಗೆ ಹೋಗುವಂತೆ ಹೊಸ್ತಿಲಾಚೆ ಚಪ್ಪಲಿ ಬಿಡಬೇಕು. ಒಳಗೆ ಎ.ಸಿ. ಕೂರಿಸಿದರು. ಅದರ ಥಂಡಿ ಎಷ್ಟೆಂದರೆ, ಮಣ್ಣಿನ ಹೂಜಿಯನ್ನು ಒಳಗಿಟ್ಟರೆ ಅದೂ ಕಂಬಳಿ ಕೇಳುತ್ತಿತ್ತು. ಮೊದಲ ದಿನ ನಮ್ಮ ಹೆಡ್ ಗುಮಾಸ್ತ, ಸಿರುಗುಪ್ಪದ ತಿಪ್ಪೇರುದ್ರಪ್ಪಜ್ಜ, ಯಂತ್ರದ ನೆತ್ತಿಗೆ ಮೂರು ಗೆರೆ ವಿಭೂತಿ ಎಳೆದು ಕೈಮುಗಿದ.

ಆ ಯಂತ್ರದ ಮುಂದೆ ಕೂರಲು ಬಂದವಳು ಜಂಬಮ್ಮ. ಇಪ್ಪತ್ತೆರಡು ವರ್ಷ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಟೈಪಿಂಗ್ ಕಲಿತು ಪಾಸಾದವಳು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಕುರುಗೋಡಿನ ಶಾಲೆಯಲ್ಲಿ ಗಂಟೆ ಬಾರಿಸುವ ಗಾದಿಲಿಂಗಪ್ಪನೇ ತಂದೆ. ಮಗಳಿಗೆ ಜಡೆ ಹೆಣೆಯುವುದನ್ನೂ ಅವನೇ ಕಲಿತು, ಅವನೇ ಹೆಣೆದು ಬೆಳೆಸಿದ. ಮನೆಯಲ್ಲಿ ಇಬ್ಬರೇ.

ಆಕೆಯ ಕೆಲಸ ಹೆಸರು ಬಡಿಯುವುದು. ಮಳೆ ಬೀಳುವುದರೊಳಗೆ ಮೂರು ಸೀಮೆಯ ನಲವತ್ತು ಸಾವಿರ ರೈತರ ಹೆಸರು, ಊರು, ಹೊಲದ ನಂಬರು ಯಂತ್ರದೊಳಗೆ ಹೋಗಬೇಕು. ಬೆಳಗಿನ ಬಸ್ಸಿಗೆ ಬಂದರೆ ಸಂಜೆಯ ಬಸ್ಸಿನವರೆಗೆ ಅದೇ. ಕತ್ತಲೆ ಕೋಣೆ, ಕಪ್ಪು ಗಾಜು, ಅದರಲ್ಲಿ ಹಸಿರು ಅಕ್ಷರಗಳು ಸಾಲು ಸಾಲಾಗಿ ಮೇಲೇರಿ ಮಾಯವಾಗುವವು. ಬಾಗಿಲ ಸಂದಿಯಿಂದ ನೋಡಿದರೆ ಹುಡುಗಿಯ ಮುಖವೂ ಹಸಿರು, ಹಲ್ಲೂ ಹಸಿರು. ಒಮ್ಮೆ ನಾನು ಒಂದು ಬೀಡಿ ಹಚ್ಚಿ ಅದು ಮುಗಿಯುವ ತನಕ ನೋಡಿದೆ; ಆಕೆ ಒಂದು ಸಲವೂ ರೆಪ್ಪೆ ಬಡಿಯಲಿಲ್ಲ.

"ಕಣ್ಣಾಗ ಉಸುಕು ಬಿದ್ದಂಗ ಆಕೈತಿ ಕಾಕಾ. ಮಧ್ಯಾಹ್ನದ ಮ್ಯಾಲ ತಲಿ ಸಿಡೀತೈತಿ" ಎಂದಳು ಒಂದು ದಿನ.

"ಇನ್ನೂ ದಿಟ್ಟಿಸಿ ನೋಡವ್ವ, ಅದ ಹೆದರಿ ಹಿಂದ ಸರೀತೈತಿ" ಎಂದು ಬುದ್ಧಿ ಹೇಳಿದೆ. ಯಂತ್ರ ಸರಿಯಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ತಿಪ್ಪೇರುದ್ರಪ್ಪಜ್ಜ ಕಾಗದದ ಕಟ್ಟು ಹಿಡಿದು ಒಳಗೆ ಹೋದ. ಜಂಬಮ್ಮ ತಲೆಯೆತ್ತಿದಳು. ಅಜ್ಜನ ಕಪ್ಪು ಹಣೆಯ ಮೇಲಿನ ಮೂರು ಗೆರೆ ಬೆಳ್ಳಗಿರಲಿಲ್ಲ. ರಕ್ತದ ಬಟ್ಟೆ ತೊಳೆದ ನೀರಿನ ಬಣ್ಣವಾಗಿತ್ತು.

"ಅಜ್ಜಾ, ವಿಭೂತಿಗೆ ಕುಂಕುಮ ಕಲಸೀರೇನ್ರಿ?"

ಅಜ್ಜ ಹಣೆ ಒರೆಸಿ ಬೆರಳು ತೋರಿಸಿದ. ಬೆರಳ ತುದಿಯಲ್ಲಿ ಬಿಳಿ ಬೂದಿ. "ನಿನ್ನ ಕಣ್ಣಾಗ ಏನರ ಬಿದ್ದೈತಿ ನೋಡವ್ವ" ಎಂದು ನಕ್ಕು ಹೊರಬಂದ. ಅಂದಿನಿಂದ ಒಂಬತ್ತನೆಯ ದಿನ ಸಂಜೆ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಇಳಿದವನು, ದಣಿವಾರಿಸಿಕೊಳ್ಳಲು ಬೆಂಚಿನ ಮೇಲೆ ಕೂತ. ಕೂತವನು ಏಳಲೇ ಇಲ್ಲ.

ಜಂಬಮ್ಮ ಈ ಸಂಗತಿಯನ್ನು ನನಗೊಬ್ಬನಿಗೇ ಹೇಳಿದಳು. ನಾನು ಗುಟ್ಟು ಕಾಯುವ ಮನುಷ್ಯ. ಜವಾನ ಎರ್ರಣ್ಣ, ಚಹಾದಂಗಡಿಯವನು, ಇಬ್ಬರು ಬಸ್ ಕಂಡಕ್ಟರು, ಇಷ್ಟು ಜನರನ್ನು ಬಿಟ್ಟು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಶುಕ್ರವಾರದ ಹೊತ್ತಿಗೆ ಸುದ್ದಿ ಬ್ರೂಸ್‌ಪೇಟೆ ಸುತ್ತಿ ನನ್ನ ಬಳಿಗೇ ಬಂತು. ಆಗ ಅದಕ್ಕೆ ಕೋಡು ಬಾಲ ಎಲ್ಲ ಮೂಡಿದ್ದವು: ಗಾಂಧಿನಗರದ ಹುಡುಗಿಯೊಬ್ಬಳು ಹಣೆ ನೋಡಿದರೆ ಸಾಕು, ನೋಡಿಸಿಕೊಂಡವನ ಕೈಯ ಚಹಾ ಆರುವ ಮೊದಲೇ ಅವನು ಆರಿಹೋಗುತ್ತಾನಂತೆ.

ಆಮೇಲೆ ನಮ್ಮ ಕಚೇರಿಯಲ್ಲಿ ಹಣೆಗಳೇ ಕಾಣಲಿಲ್ಲ. ತಲೆತಲಾಂತರದಿಂದ ವಿಭೂತಿ ತಪ್ಪಿಸದ ಮನೆತನದವರು ಮುಖ ತೊಳೆದು ಒಳಬಂದರು. ಕೆಲವರು ಟವಲನ್ನು ಹುಬ್ಬಿನವರೆಗೆ ಸುತ್ತಿಕೊಂಡರು. ಎರ್ರಣ್ಣ ಆಕೆಯ ಚಹಾವನ್ನು ಹೊಸ್ತಿಲಲ್ಲಿಟ್ಟು ಕಸಬರಿಗೆಯಿಂದ ಒಳಗೆ ತಳ್ಳುತ್ತಿದ್ದ. ಒಂದು ದಿನ ನಾನೇ ಪಟ್ಟಿ ಕೊಡಲು ಒಳಗೆ ಹೋದೆ. ಆಕೆ ನನ್ನ ಹಣೆ ನೋಡಿ, ಪಟ್ಟಿ ತೆಗೆದುಕೊಂಡು ಗಾಜಿನ ಕಡೆ ತಿರುಗಿದಳು. ನನ್ನ ಹಣೆ ಬರಿದಾಗಿತ್ತು. ಅದರ ಕಾರಣ ಆಮೇಲೆ ಹೇಳುತ್ತೇನೆ.

ಅದೇ ಸಂಜೆ ಜಂಬಮ್ಮ ಕುರುಗೋಡಿನ ಮನೆಗೆ ಹೋದಾಗ ಸೆಕೆಗೆ ಅಂದಿನಿಂದ ಸಂಜೆಯೂ ಸ್ನಾನ, ಪೂಜೆ ಹಿಡಿದಿದ್ದ ಗಾದಿಲಿಂಗಪ್ಪ ಎರಡನ್ನೂ ಮುಗಿಸಿ ಬಾಗಿಲಿಗೆ ಬಂದ. "ಬಾರವ್ವ, ರೊಟ್ಟಿ ಬಿಸಿ ಅದಾವ" ಎಂದ. ಅವನ ಹಣೆಯ ಮೇಲೆ ಮೂರು ಕೆಂಪು ಗೆರೆ.

ಆಕೆ ಚೀಲ ಇಳಿಸಿದಳು, ಕೈಕಾಲು ತೊಳೆದಳು, ಗೋಡೆಗೆ ಮುಖ ಮಾಡಿ ಉಂಡಳು. ಮನಸ್ಸಿನಲ್ಲಿ ಒಂಬತ್ತು ದಿನ ಎಣಿಸಿದಳು. ಮರುದಿನ ಸಂಜೆಯೂ ಕೆಂಪು. ಮೂರನೆಯ ದಿನ ಇನ್ನೂ ಗಾಢ. ಕಚೇರಿಯಲ್ಲಿ ಪಟ್ಟಿಯಲ್ಲಿ ಯಾವ ಊರಿನ ಗಾದಿಲಿಂಗಪ್ಪ ಬಂದರೂ ಆಕೆಯ ಬೆರಳು ನಿಂತುಬಿಡುತ್ತಿತ್ತು. ಆ ಹೆಸರು ಕಪ್ಪು ಗಾಜಿನಲ್ಲಿ ಹಸಿರಾಗಿ ಹೊತ್ತಿ, ಮೇಲೇರಿ, ಮಾಯವಾಗುವುದನ್ನು ನೋಡಲಾರದೆ, ಅಷ್ಟು ಗಾದಿಲಿಂಗಪ್ಪರನ್ನೂ ಬಿಟ್ಟು ಮುಂದೆ ಹೋದಳು.

"ಯಾಕವ್ವ, ನನ್ನ ಮುಖ ನೋಡಾಕೂ ಬ್ಯಾಸರ ಆತೇನು?" ಎಂದು ತಂದೆ ಐದನೆಯ ದಿನ ಕೇಳಿದ.

"ಇಲ್ಲಪ್ಪ. ಕಣ್ಣು ಉರೀತಾವ, ಅಷ್ಟ."

ಎಂಟನೆಯ ದಿನ ಮನೆಗೆ ಬಂದವಳಿಗೆ ನಿಲ್ಲಲೂ ಆಗಲಿಲ್ಲ. ಚಾಪೆಯ ಮೇಲೆ ಮಗ್ಗುಲಾಗಿ ಬಿದ್ದುಕೊಂಡಳು. ನಾಳೆ ಒಂಬತ್ತು. ಗಾದಿಲಿಂಗಪ್ಪ ಹೂಜಿಯ ನೀರಿನಲ್ಲಿ ಬಟ್ಟೆ ಅದ್ದಿ ಆಕೆಯ ಕಣ್ಣ ಮೇಲಿಟ್ಟು, ಪಕ್ಕದಲ್ಲೇ ಗೋಡೆಗೆ ಒರಗಿ ಕೂತ. ಸ್ವಲ್ಪ ಹೊತ್ತಿಗೆ ಬಟ್ಟೆ ಜಾರಿತು. ಆಕೆ ಕಣ್ಣು ತೆರೆದಳು.

ವಿಭೂತಿ ಹಾಲಿನಂತೆ ಬೆಳ್ಳಗಿತ್ತು.

ದಡಕ್ಕನೆ ಎದ್ದು ಕೂತಳು. ಕೆಂಪು. ಮತ್ತೆ ಮಲಗಿದಳು. ಬಿಳಿ.

"ಅಪ್ಪಾ, ಅಲ್ಲಾಡಬ್ಯಾಡ!"

"ಏನಾತವ್ವ? ಹಾವು ಬಂದೈತೇನು?"

"ಸುಮ್ಮನ ಕುಂದ್ರಪ್ಪ." ಏಳು ಸಲ ಎದ್ದಳು, ಏಳು ಸಲ ಮಲಗಿದಳು. ಬಳಿಕ ತಾನು ನೆಟ್ಟಗೆ ಕೂತು ತಂದೆಯನ್ನು ಮಗ್ಗುಲಾಗಿ ಮಲಗಿಸಿದಳು. ಆಗಲೂ ಬಿಳಿ. ಗೆರೆ ಆಕೆಯ ಕಣ್ಣಿಗೆ ಅಡ್ಡಲಾಗಿದ್ದರೆ ಕೆಂಪು, ನಿಂತಿದ್ದರೆ ಬಿಳಿ. ದಿನವೂ ಬಸ್ಸಿನಿಂದ ಕಾಣುವ ಗುಡಿಯ ಗೋಡೆಯ ನೆನಪಾಯಿತು. ಅದರ ಸುಣ್ಣದ ಪಟ್ಟೆಗಳು ನಿಂತ ಪಟ್ಟೆಗಳು. ಅವು ಒಂದು ದಿನವೂ ಬಣ್ಣ ಬದಲಿಸಿರಲಿಲ್ಲ. ಯಂತ್ರದ ಹಸಿರು ಸಾಲುಗಳೋ, ಎಲ್ಲವೂ ಅಡ್ಡ.

ಆಕೆ ತಂದೆಯ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಲೇ ನಕ್ಕಳು. "ಯಮ ಬಂದಿದ್ರ, ನಾ ತಲಿ ವಾಲಿಸಿದ ಕೂಡ್ಲೆ ಎದ್ದು ಹೋಗ್ತಿದ್ನೇನಪ್ಪ?"

ಗಾದಿಲಿಂಗಪ್ಪನಿಗೆ ಏನೂ ತಿಳಿಯಲಿಲ್ಲ. ಮಗಳು ಮುಖ ನೋಡಿ ಮಾತಾಡಿದಳಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ಒಂಬತ್ತನೆಯ ದಿನ ಅವನು ಶಾಲೆಗೆ ಹೋಗಿ ಎಂದಿನಂತೆ ಗಂಟೆ ಬಾರಿಸಿದ. ಜಂಬಮ್ಮ ಕಚೇರಿಗೆ ಬಂದು ನೇರವಾಗಿ ಕಚೇರಿಯ ಮಾಲೀಕ ಸಾಹುಕಾರ ಚಂದ್ರಣ್ಣನ ಮುಂದೆ ನಿಂತಳು. ಅವನು ಗಾಬರಿಯಿಂದ ರುಮಾಲನ್ನು ಮೂಗಿನವರೆಗೆ ಎಳೆದುಕೊಂಡ.

"ಸಾವುಕಾರ್ರ, ಕೆಂಪು ಇರೋದು ಯಾರ ಹಣಿ ಮ್ಯಾಲೂ ಅಲ್ರಿ, ನನ್ನ ಕಣ್ಣಾಗ ಐತಿ. ದಿನಾ ಹಸುರು ಸಾಲು ನೋಡಿ ನೋಡಿ ಕಣ್ಣು ಬ್ಯಾಸತ್ತು, ಅಡ್ಡ ಇದ್ದ ಬಿಳಿ ಗೆರಿಗೆಲ್ಲ ಹಸುರಿನ ಉಲ್ಟಾ ಕೆಂಪು ಬಣ್ಣ ಬಳಿಯಾಕ ಹತ್ತೈತಿ."

"ಹಂಗಾರ ನಾನು ಉಳೀತೀನೇನವ್ವ?" ಎಂದಿತು ರುಮಾಲಿನೊಳಗಿನ ದನಿ.

"ನೂರು ವರ್ಷ ಉಳೀರಿ. ಮೊದಲು ಆ ಕಿಟಕಿ ಬಟ್ಟಿ ಒಂದು ತಗಸ್ರಿ."

ಕಿಟಕಿ ತೆರೆಯಿತು. ಅದರಲ್ಲಿ ಕೋಟೆಯ ಬೆಟ್ಟ ಕಂಡಿತು. ಬೆಳಕು ಗಾಜಿನ ಮೇಲೆ ಬೀಳದಂತೆ ಯಂತ್ರವನ್ನು ಮಗ್ಗುಲಿಗೆ ತಿರುಗಿಸಿದರು. ಅದರ ಕೆಳಗೊಂದು ಗುಂಡಿಯಿತ್ತು. ಅದನ್ನು ತಿರುವಿದರೆ ಹಸಿರಿನ ಉರಿ ಇಳಿಯುತ್ತದೆಂದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ, ಹೆದರಿ ಯಾರೂ ಮುಟ್ಟಿರಲೂ ಇಲ್ಲ. ನೂರು ಹೆಸರಾದ ಮೇಲೆ ಜಂಬಮ್ಮ ಎದ್ದು ಕಿಟಕಿಗೆ ಹೋಗಿ, ಬೆಟ್ಟದ ತುದಿಯ ಬಂಡೆಗಳನ್ನು ನೋಡುತ್ತ ಬೇಕೆಂದೇ ರೆಪ್ಪೆ ಬಡಿಯುತ್ತಿದ್ದಳು. ಕಣ್ಣಿನ ಉಸುಕು ವಾರದೊಳಗೆ ಹೋಯಿತು. ಯಂತ್ರ ನೋಡಲು ಹೈದರಾಬಾದಿನಿಂದ ಬಂದ ಮೆಕ್ಯಾನಿಕ್ ಇದನ್ನೆಲ್ಲ ಕೇಳಿ, ಅಲ್ಲಿಯ ಹುಡುಗಿಯರಿಗೂ ಬಿಳಿ ಕಾಗದ ಗುಲಾಬಿ ಬಣ್ಣವಾಗಿ ಕಾಣುತ್ತದೆಂದು ತೆಲುಗಿನಲ್ಲಿ ಹೇಳಿ ಹೋದ.

ತಿಪ್ಪೇರುದ್ರಪ್ಪಜ್ಜನ ಮೇಜಿನಲ್ಲಿ ಎದೆನೋವಿನ ಗುಳಿಗೆಗಳು ಸಿಕ್ಕವು; ಮೂರು ವರ್ಷದಿಂದ ಮುಚ್ಚಿಟ್ಟು ನುಂಗುತ್ತಿದ್ದನಂತೆ. ಅವನ ಫೋಟೋವನ್ನು ಆ ಕೋಣೆಯಲ್ಲೇ ತೂಗುಹಾಕಿದೆವು. ಗಾಜಿನ ಮೇಲೆ ಮೂರು ಗೆರೆ ವಿಭೂತಿ ಎಳೆದವಳು ಜಂಬಮ್ಮ. ಒಮ್ಮೊಮ್ಮೆ ಕೆಲಸದ ನಡುವೆ ತಲೆಯೆತ್ತಿ, "ಅಜ್ಜ ಕೆಂಪಾಗಾಕ ಹತ್ಯಾನ. ಸಾಕು ಏಳು ಅನ್ನಾಕ ಹತ್ಯಾನ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಎದ್ದುಬಿಡುತ್ತಿದ್ದಳು. ಸತ್ತವನು ಗೋಡೆಯ ಮೇಲೆ ಕೂತು ಬದುಕಿದವಳ ಕಣ್ಣು ಕಾಯುತ್ತಿದ್ದ. ಲೆಕ್ಕವೆಲ್ಲ ಕಣ್ಣಿನದೇ, ನನಗೂ ಗೊತ್ತು. ಆದರೂ ಆ ಕೋಣೆಗೆ ಒಬ್ಬನೇ ಹೋಗುವ ಕೆಲಸ ಬಂದರೆ ನಾನು ಎರ್ರಣ್ಣನನ್ನು ಕಳಿಸುತ್ತಿದ್ದೆ.

ಮೊದಲ ಮಳೆ ಬಿದ್ದ ದಿನ ಪಟ್ಟಿ ಮುಗಿಯಿತು. ಬಿಟ್ಟುಹೋಗಿದ್ದ ನಲವತ್ತೊಂದು ಗಾದಿಲಿಂಗಪ್ಪರನ್ನು ಆಕೆ ಕೊನೆಗೆ ಒಟ್ಟಿಗೇ ಕೂರಿಸಿದಳು. ನಾನು ಹಣೆ ತುಂಬ ವಿಭೂತಿ ಬಳಿದುಕೊಂಡು, ಎದೆ ಉಬ್ಬಿಸಿ, ಬಾಗಿಲಲ್ಲಿ ನಿಂತೆ.

"ನೋಡು ಜಂಬಮ್ಮ, ಅವತ್ತು ನನ್ನ ಹಣಿ ಬರಿದಾಗಿದ್ದು ಹೆದರಿಕಿಗಲ್ಲವ್ವ. ಒಳಗ ಬಂದ ಮ್ಯಾಲ ಬೆವರು ಸುರಿದು ವಿಭೂತಿ ಅಳಿಸಿ ಹೋಗಿತ್ತು."

ಆಕೆ ಕೀಲಿಗಳ ಮೇಲಿಂದ ಕೈ ತೆಗೆದು, ಎರಡು ಸಲ ರೆಪ್ಪೆ ಬಡಿದು ನನ್ನನ್ನು ನೋಡಿದಳು.

"ಹೂಜಿ ಕಂಬಳಿ ಕೇಳತೈತಿ ಅಂತ ನೀವ ಹೇಳೋ ರೂಮಿನ್ಯಾಗ ಬೆವರಿದ್ರೇನ್ರಿ ಕಾಕಾ? ಹಂಗಾರ ಆ ದೆವ್ವದ ಕಡ್ಡಿಪೆಟ್ಟಿಗಿ ವಾಪಸ್ ಕೊಟ್ಟುಬಿಡ್ರಿ. ಪಾಪ, ಅದು ಬ್ಯಾರೆ ಯಾರೋ ಧೈರ್ಯವಂತ ಅಂತ ತಿಳಕಂಡು ನಿಮಗ ಕೊಟ್ಟೈತಿ."